ಬಾಣದ ಗುರುತು

ಕಾರಿನೊಳಗೆ ಬರುವ ಗಾಳಿ ಸೋಸುವ ಹಳೆಯ ಫಿಲ್ಟರನ್ನು ಎಳೆದ ಕೂಡಲೇ ಮಾರ್ಲೆನ್‌ನ ಮಡಿಲ ತುಂಬ ಮಸಿ ಸುರಿಯಿತು. ಮುಂದಿನ ಸೀಟಿನೆದುರಿನ ಡಬ್ಬಿ ಬಿಚ್ಚಿ, ಅದರ ಹಿಂದಿನ ಸಂದಿಗೆ ಕೈ ತೂರಿಸಿ ತೆಗೆದ ಆ ಮಡಿಕೆ ಮಡಿಕೆಯ ಚೌಕ ಒಂದು ಕಾಲಕ್ಕೆ ಬೆಳ್ಳಗಿತ್ತು. ಈಗ ಹಂಚಿನ ತಳದಂತಿತ್ತು. ಬಿಶ್ಕೆಕ್‌ ನಗರದಲ್ಲಿ ಚಳಿಗೆ ಮನೆಮನೆಯಲ್ಲೂ ಉರಿಸುವ ಕಲ್ಲಿದ್ದಲ ಹೊಗೆ ಎಷ್ಟು ಕವಿದಿತ್ತೆಂದರೆ ಅಂಗಳದಾಚೆಯ ಮನೆಯೇ ಕಾಣುತ್ತಿರಲಿಲ್ಲ. ಹಳೆಯದನ್ನು ಹಿಮದ ಮೇಲೆಸೆದು, ಹೊಸದರ ಅಂಚಿನಲ್ಲಿ ಗಾಳಿ ಹರಿಯುವ ದಿಕ್ಕು ತೋರಿಸುವ ಬಾಣದ ಗುರುತು ನೋಡಿಕೊಂಡು ಅದನ್ನು ಕೂರಿಸಿ, ಫ್ಯಾನ್ ಹಾಕಿದ.

"ಬಾ, ಕೂತ್ಕೋ."

ತುಂಬು ಬಸುರಿ ಹೆಂಡತಿ ಐಚುರೆಕ್ ಅವನ ಪಕ್ಕ ಕೂತು ಬಾಗಿಲೆಳೆದುಕೊಂಡಳು. ಚಳಿ ಶುರುವಾದಾಗಿನಿಂದ ಅವಳಿಗೆ ಬಿಡದ ಕೆಮ್ಮು. ಮಗುವಿಗೆ ಒಳ್ಳೆಯ ಗಾಳಿ ಬೇಕು ಎಂದಿದ್ದರು ಡಾಕ್ಟರು; ಅದೆಲ್ಲಿ ಸಿಗುತ್ತದೆ ಎಂದು ಹೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಕೆಮ್ಮು ನಿಂತಿತು. ಅವಳು ಉಸಿರಾಡುವುದನ್ನು ಅವನು ಕೇಳುತ್ತ ಕೂತ.

ಗಾಜಿನ ಮೇಲೆ ಟಕಟಕ. ಪಕ್ಕದ ಮನೆಯ ಶಾಬ್ದಾನ್ ತಾತ.

"ನಿಂತ ಗಾಡೀಲಿ ಎಲ್ಲಿಗಪ್ಪಾ ಸವಾರಿ?"

"ಎಲ್ಲಿಗೂ ಇಲ್ಲ ತಾತ. ಫಿಲ್ಟರ್ ಬದಲಾಯಿಸ್ದೆ. ಒಳಗೆ ಗಾಳಿ ಚೆನ್ನಾಗಿದೆ."

ಹೇಳಬಾರದಿತ್ತು. ಹೇಳಿದ ಮೇಲೆ "ಬನ್ನಿ" ಅನ್ನದೆ ವಿಧಿಯಿರಲಿಲ್ಲ.

"ನಾನೊಬ್ನೇ ಹೆಂಗಪ್ಪಾ ಬರ್ಲಿ? ಮನೇಲಿ ಬೀಗರು ಬಂದವ್ರೆ. ಅವ್ರಿಗೆ ಹೊಗೆ ಕುಡಿಸಿ ನಾನಿಲ್ಲಿ ಗಾಳಿ ಕುಡಿದ್ರೆ, ಅಲ್ಲಿ ನನ್ನ ಮಗಳ ಗತಿ?"

ಬೀಗರು ಬಂದರು, ಬೀಗಿತ್ತಿ ಬಂದರು, ತಾತನ ಹಿಂದೆಯೇ ಅಜ್ಜಿಯೂ ಬಂದಳು. ಮನೆಯಲ್ಲಾದರೆ ಬಾಗಿಲಿಗೆ ದೂರವಾದ ಜಾಗ ದೊಡ್ಡ ಅತಿಥಿಯದು; ಕಾರಿನಲ್ಲಿ ಅದು ಹಿಂದಿನ ಸೀಟಿನ ನಡುವೆ ಎಂದು ತೀರ್ಮಾನವಾಯಿತು. "ನೀವು ಹಿರಿಯರು, ನೀವೇ ಕೂತ್ಕೊಳಿ." "ಉಂಟೇ? ನೀವಿರುವಾಗ ನಾನೇ?" ಉಪಚಾರ ಮುಗಿಯುವವರೆಗೂ ನಾಲ್ಕೂ ಬಾಗಿಲು ಹಾರುಹೊಡೆದಿದ್ದವು. ಕೊನೆಗೆ ಬೀಗರು ತಮ್ಮ ಹೊಟ್ಟೆಯೊಂದಿಗೆ ನಡುವೆ ಸಿಕ್ಕಿಕೊಂಡರು, ಹೆಂಗಸರು ಅಕ್ಕಪಕ್ಕ. ಮಾರ್ಲೆನ್ ಇಳಿದ ಜಾಗದಲ್ಲಿ ತಾತ.

"ಬೀಗರನ್ನ ಬರೀ ಗಾಳಿ ಕುಡಿಸಿ ಕಳಿಸೋದಾ?" ಎಂದಳು ಅಜ್ಜಿ.

"ಚಹಾ ನಾನು ತರ್ತೀನಿ," ಎಂದ ಮಾರ್ಲೆನ್.

"ಅಯ್ಯೋ, ಮನೇಲಿ ಸೊಸೆ ಇರುವಾಗ ನೀನ್ಯಾಕೋ? ನೋಡಿದೋರು ನಗ್ತಾರೆ."

ಐಚುರೆಕ್ ಆಗಲೇ ಇಳಿದಿದ್ದಳು. ಚಹಾ ತಂದಳು, ದುಂಡು ರೊಟ್ಟಿಗಳ ತಟ್ಟೆ ತಂದಳು, ಕಿಟಕಿಯಿಂದ ಒಳಗೆ ಕೊಟ್ಟಳು. ಮತ್ತೆ ಕೂರಲು ಬಾಗಿಲು ತೆರೆದರೆ, ಅವಳ ಸೀಟಿನ ಮೇಲೆ ಬಟ್ಟೆ ಹಾಸಿ ರೊಟ್ಟಿ ಇಟ್ಟಿದ್ದರು.

ತಾತನ ಮುಖ ಸಣ್ಣಗಾಯಿತು. "ಎತ್ತಿ ಎಲ್ಲಿಡ್ಲಿ ಮಗಳೇ? ರೊಟ್ಟೀನ ಕಾಲ ಬುಡದಲ್ಲಿ ಇಡೋಕಾಗುತ್ತಾ?"

ಆಗುವುದಿಲ್ಲ. ಅದು ಅವಳಿಗೂ ಗೊತ್ತು. ಒಳಗಿನ ಗಾಳಿ ಕೆಡದಂತೆ ಮೆಲ್ಲಗೆ ಬಾಗಿಲು ಮುಚ್ಚಿದಳು. ಕೆಮ್ಮು ಮತ್ತೆ ಶುರುವಾಯಿತು.

ಗಾಜಿನಾಚೆ ಬೀಗರು ಅಂಗೈ ಎತ್ತಿ, ಅವಳ ಹೊಟ್ಟೆಯ ಕಡೆ ನೋಡುತ್ತ ಆಶೀರ್ವದಿಸುತ್ತಿದ್ದರು. ದನಿ ಕೇಳಲಿಲ್ಲ, ತುಟಿ ಮಾತ್ರ ಕಂಡಿತು. ಪ್ರಾರ್ಥನೆ ಮುಗಿದು ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡರು.

ಮಾರ್ಲೆನ್ ಹಿಮದ ಮೇಲಿದ್ದ ಹಳೆಯ ಫಿಲ್ಟರನ್ನು ಎತ್ತಿಕೊಂಡು, ಮೊಣಕಾಲಿಗೆ ಬಡಿದು ಕೊಡವಿ, ಅವಳ ಮೂಗಿನ ಮುಂದೆ ಹಿಡಿದ. ಅವಳು ಅದನ್ನು ನೋಡಿದಳು, ಅವನನ್ನು ನೋಡಿದಳು.

"ಯಾವ ಕಡೆಯಿಂದ ಉಸಿರಾಡ್ಬೇಕು?"

ಅವನು ಹೆಬ್ಬೆರಳಿಂದ ಮಸಿ ಒರೆಸುತ್ತ ಬಾಣದ ಗುರುತು ಹುಡುಕತೊಡಗಿದ.