ಪೇಂಟರನ ಪರ ಒಬ್ಬ ಸಾಕ್ಷಿ

ಈ ಸಲ ದರ್ಜಿ ಫೋನು ಮಾಡಲಿಲ್ಲ. ಪಾಡ್‌ಕಾಸ್ಟ್ ಸ್ಟುಡಿಯೊದ ಗಾಜಿನ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ನೇರ ಒಳಗೆ ಬಂದಳು.

"ಕೊನೇ ಕಂತು ಇವತ್ತೇ ಅಲ್ವಾ? ನಿರೂಪಕರನ್ನ ಕರೀರಿ."

ಸಹಾಯಕಿಗೆ ದನಿಯಿಂದಲೇ ಗುರುತು ಸಿಕ್ಕಿತು. "ಅಯ್ಯೋ, ಮತ್ತೆ ನೀವಾ? ಫೋನಲ್ಲಿ ಹೇಳಿದ್ದೆಲ್ಲ ಕೇಳಾಯ್ತಲ್ಲ ಮೇಡಂ!"

ಕೇಳಿದ್ದೆಲ್ಲಿ ಬಂತು! ದರ್ಜಿ ನಿಜ ಹೇಳಿದಾಗಲೆಲ್ಲ ಆ ಕಡೆಯಿಂದ ಒಂದು ನಗು, ಆಮೇಲೆ ಲೈನು ಕಟ್. ಪೊಲೀಸ್ ಠಾಣೆಯಲ್ಲಂತೂ ತಲೆ ಕೆಟ್ಟವಳೆಂದು ಬೆಂಚಿನ ಮೇಲೆ ಕೂರಿಸಿ, ನೀರು ಕುಡಿಸಿ ಕಳಿಸಿದ್ದರು. ಗೋಡೆಗೆ ಹೇಳಿಕೊಂಡಿದ್ದರೆ ಅದಾದರೂ ನಗದೆ ಕೇಳುತ್ತಿತ್ತು.

ಪ್ರಕರಣ ಊರಿಗೆಲ್ಲ ಗೊತ್ತಿದ್ದದ್ದೇ. ಮದುವೆಗೆಂದು ಬಣ್ಣ ಬಳಿಸುತ್ತಿದ್ದ ಮನೆಯಿಂದ ಮದುಮಗಳೇ ಕಾಣೆಯಾದಳು. ಕೊನೆಯ ಬಾರಿ ಅವಳನ್ನು ಜನ ಕಂಡದ್ದು ಪೇಂಟರನ ವ್ಯಾನಿನಲ್ಲಿ. "ಬಸ್ ನಿಲ್ದಾಣಕ್ಕೆ ಬಿಡು ಅಂತ ಅತ್ಲು, ಬಿಟ್ಟೆ," ಎಂದ ಅವನು. ಯಾರೂ ನಂಬಲಿಲ್ಲ. ಕೆಲವು ವಾರಗಳಾದ ಮೇಲೆ ಕಾಲುವೆಯಲ್ಲಿ ಮುಖ ಗುರುತು ಸಿಗದ ಹೆಣವೊಂದು ತೇಲಿತು. ತಾಯಿ ಬಂದು ನೋಡಿ, "ನನ್ನ ಮಗಳೇ," ಎಂದಳು. ಹುಡುಗಿ ಓಡಿಹೋದಳಂತೆ ಎಂದು ಆಡಿಕೊಳ್ಳುತ್ತಿದ್ದ ಬಾಯಿಗಳು ಅಂದೇ ಮುಚ್ಚಿದವು. ಹೆತ್ತ ಕರುಳಿನ ಮಾತಿಗೆ ಎದುರಾಡುವವರು ಯಾರು? ಪೇಂಟರನಿಗೆ ಜೀವಾವಧಿ ಶಿಕ್ಷೆಯಾಯಿತು.

ದೂರದ ಊರಿನಲ್ಲಿ ಬಟ್ಟೆ ಹೊಲಿದುಕೊಂಡಿದ್ದ ದರ್ಜಿಗೆ ಇದೆಲ್ಲ ತಿಳಿದದ್ದೇ ಈ ಪಾಡ್‌ಕಾಸ್ಟ್‌ನಿಂದ. ಅಂದಿನಿಂದ ಅವಳಿಗೆ ತುತ್ತು ಗಂಟಲಲ್ಲಿ ಇಳಿದಿರಲಿಲ್ಲ.

ನಿರೂಪಕ ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು ಬಂದ. ಅವನ ಹಿಂದಿನ ಗೋಡೆಯ ತುಂಬ ಆ ಮದುಮಗಳ ಚಿತ್ರವಿತ್ತು. ದುಂಡು ಮುಖ, ನಗುವಿಗೆ ಕಣ್ಣು ಮುಚ್ಚುವಷ್ಟು ತುಂಬಿದ ಕೆನ್ನೆ.

"ಪೇಂಟರ್ ಏನೂ ಮಾಡಿಲ್ಲ," ಎಂದಳು ದರ್ಜಿ. "ಬಸ್ ನಿಲ್ದಾಣಕ್ಕೆ ಬಿಟ್ಟಿದ್ದು ನಿಜ. ನಾನೂ ಅಲ್ಲೇ ಇದ್ದೆ."

"ಅವನು ಮಾಡಿಲ್ಲ ಅಂತ ನಂಗೂ ಅನ್ಸುತ್ತೆ. ಅನ್ಸಿದ್ರೆ ಸಾಲ್ದಲ್ಲ! ಹುಡುಗಿ ಬದುಕಿದ್ದಾಳೆ ಅಂತ ದಿನಾ ಯಾರಾದ್ರೂ ಫೋನ್ ಮಾಡ್ತಾರೆ. ಎಲ್ರೂ ಕಣ್ಣಾರೆ ಕಂಡವ್ರೇ."

"ನಾನು ದಿನಾ ಕಾಣ್ತೀನಿ."

ಅವನು ಕೈ ಅಡ್ಡ ಹಿಡಿದ. "ಕಥೆ ಬೇಡ. ಪುರಾವೆ ಇದ್ರೆ ಕೊಡಿ."

ದರ್ಜಿಗೆ ಮೈಯೆಲ್ಲ ಉರಿಯಿತು. ಪುರಾವೆಯಂತೆ! ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವ ಜನ. ಇವರ ಎದುರು ಬಾಯಿ ಬಡಿದುಕೊಳ್ಳುವ ಹೊತ್ತಿಗೆ ಅಲ್ಲಿ ಪಾಪದ ಮನುಷ್ಯನೊಬ್ಬ ಕಂಬಿ ಎಣಿಸುತ್ತಿದ್ದ, ಮಾಡಿದ ಒಂದು ಉಪಕಾರಕ್ಕಾಗಿ.

"ನಾನು ಆ ಮನೇಲೇ ಬೆಳೆದವಳು. ಬೇಕಾದ್ರೆ ಮನೆಯವ್ರನ್ನೇ ಕೇಳಿ," ಎಂದಳು.

"ಒಳ್ಳೇದೇ ಆಯ್ತು. ತಾಯಿ ಒಳಗಿದ್ದಾರೆ, ಅವ್ರ ರೆಕಾರ್ಡಿಂಗ್ ಈಗಷ್ಟೇ ಮುಗೀತು. ಅವ್ರು ನಿಮ್ಮನ್ನ ಗುರುತು ಹಿಡಿದ್ರೆ ಮೈಕು ನಿಮ್ದೇ."

ತಾಯಿ ಇಲ್ಲಿರುತ್ತಾಳೆಂದು ದರ್ಜಿ ಎಣಿಸಿರಲಿಲ್ಲ. ಆ ಬಾಯಿಂದ ಒಂದೇ ಒಂದು ಮಾತು ಬಂದರೆ ಸಾಕು, ಪೇಂಟರ್ ತನ್ನ ಮನೆ ಸೇರುತ್ತಾನೆ.

ತಾಯಿ ಹೊರಗೆ ಬಂದಳು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಒದ್ದೆ ಕರವಸ್ತ್ರ. ದರ್ಜಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಯಾರೋ ಗೊತ್ತಿಲ್ಲಪ್ಪ," ಎಂದಳು ಕೊನೆಗೆ. "ಉರಿಯೋ ಮನೇಲಿ ಗಳ ಹಿರಿಯೋರಿಗೇನು ಬರ?"

ದರ್ಜಿ ತಾಯಿಯ ಕಡೆ ಒಂದು ಹೆಜ್ಜೆ ಇಟ್ಟಳು. ನಿರೂಪಕ ಭುಜ ಕುಣಿಸಿ ಮೈಕಿನ ಕೋಣೆಗೆ ಹೋದ. ಸಹಾಯಕಿ ಅವಳನ್ನು ಮೆಲ್ಲಗೆ ಹೊರಗೆ ದಾಟಿಸಿ ಬಾಗಿಲು ಹಾಕಿಕೊಂಡಳು.

ದರ್ಜಿ ಮೆಟ್ಟಿಲ ಮೇಲೇ ಕೂತಳು. ಸ್ವಲ್ಪ ಹೊತ್ತಿಗೆ ತಾಯಿಯೂ ಹೊರಟು ಬಂದಳು. ಹಿಂದೆ ಮುಂದೆ ಯಾರೂ ಇಲ್ಲವೆಂದು ನೋಡಿಕೊಂಡು, ಬಾಗಿ ಅವಳ ಕೆನ್ನೆ ಸವರಿದಳು.

"ಮನೆ ಬಿಟ್ಟು ಹೋದ್ಮೇಲೆ ಎಷ್ಟು ಸೊರಗಿದ್ದೀಯೆ ಮಗಳೇ! ಹೊತ್ತಿಗೆ ಸರಿಯಾಗಿ ಊಟ ಮಾಡ್ತಿಲ್ವಾ?"