ಹಿಮಕ್ಕೆಂದು ಮಾಡಿದ ಕೈ

ಯೋಜನೆ ರದ್ದಾಗಿದೆ ಎಂದು ಹೇಳಲು ಅವಳು ಒಳಗೆ ಬಂದಾಗ ಫಿಟ್ಟರ್ ಮಾಮ ಏಣಿಯ ಮೇಲಿದ್ದ. ತಲೆಯಿಂದ ಕಾಲಿನವರೆಗೆ ಬಿಳಿ ಮುಸುಕು, ಕೈಗೆ ಗವಸು. ಇಬ್ಬರದೂ ಕಣ್ಣಷ್ಟೇ ಕಾಣುತ್ತಿತ್ತು. ಮನುಷ್ಯರ ಮೈಯ ಧೂಳು ಒಂದು ಕಣವೂ ಯಂತ್ರಕ್ಕೆ ತಗಲಬಾರದೆಂಬುದು ಆ ಕೋಣೆಯ ಕಟ್ಟಳೆ. ಮಾಮನಿಗೆ ಅವಳ ಕಣ್ಣೇ ಸಾಕಾಯಿತು.

"ಹೋಯ್ತಾ ಮೇಡಂ?"

"ಹೋಯ್ತು ಮಾಮ."

ಯಾವುದೋ ದೂರದ ಗ್ರಹದ ಹಿಮದ ಚಂದ್ರನ ಮೇಲೆ ಇಳಿದು, ಕೈ ಚಾಚಿ, ಅಲ್ಲಿನ ನೆಲವನ್ನು ಮುಟ್ಟಿ ನೋಡಬೇಕಾಗಿದ್ದ ಯಂತ್ರ ಅದು. ಯೋಜನೆಯ ಹೊಣೆ ಅವಳದು. ಖರ್ಚು ಅಂದಾಜಿನ ಎರಡರಷ್ಟಾಗಿತ್ತು. ಸಮಿತಿಯವರು ಕೆಟ್ಟವರೇನಲ್ಲ. ಕೂರಿಸಿ, ನೀರು ಕೊಟ್ಟು, ಸಮಾಧಾನವಾಗಿಯೇ ಹೇಳಿದ್ದರು. ಇದೊಂದನ್ನು ಉಳಿಸಲು ಹೋದರೆ ಬೇರೆ ಎರಡು ಯೋಜನೆಗಳು ಉಪವಾಸ ಬೀಳುತ್ತವೆ ಎಂದರು. ಅದೂ ಸುಳ್ಳಲ್ಲ. ಅವಳು ಎದ್ದು ಹೊರಟಾಗ ಅಧ್ಯಕ್ಷರು ಕನ್ನಡಕ ಒರೆಸಿಕೊಳ್ಳುತ್ತಾ ಒಂದು ಮಾತು ಸೇರಿಸಿದರು: ಆ ಕೈಯನ್ನು ಮತ್ತೆ ಮಾಡಿಸದೇ ಇದ್ದಿದ್ದರೆ ಬಹುಶಃ ಉಳಿಯುತ್ತಿತ್ತೇನೋ.

ಮತ್ತೆ ಮಾಡಿಸಿದವಳು ಅವಳೇ. ಮೊದಲಿನ ಕೈ ಪರೀಕ್ಷೆಯ ದಿನ ಮಂಜುಗಡ್ಡೆಯನ್ನು ಮುಟ್ಟಲಿಲ್ಲ, ಗುದ್ದಿತು. ಗಡ್ಡೆ ಚೂರುಚೂರಾಯಿತು. ಇಷ್ಟಾದರೆ ಸಾಕು, ನಡೆಯುತ್ತೆ ಎಂದರು ಉಳಿದವರು. ನಡೆಯಲ್ಲ ಎಂದು ಅವಳು ಹಟ ಹಿಡಿದಳು. ಆ ಹಟದಲ್ಲಿ ಎರಡು ವರ್ಷ ಕರಗಿಹೋಯಿತು. ಮನೆಗೆ ಕರೆದು ಕರೆದು ಸಾಕಾಗಿ ತಂಗಿಯೂ 'ನೀನು ಹೇಗೂ ಬರಲ್ಲ ಬಿಡಕ್ಕ' ಎಂದು ಫೋನು ಮಾಡುವುದನ್ನೇ ನಿಲ್ಲಿಸಿದ್ದಳು. ಹೊಸ ಕೈ ಜೋಡಣೆಯಾಗಿದ್ದು ನಿನ್ನೆ. ಅದು ಹೇಗೆ ಮುಟ್ಟುತ್ತದೆಂದು ಇನ್ನೂ ಯಾರೂ ನೋಡಿರಲಿಲ್ಲ.

ಮಾಮ ಏಣಿ ಇಳಿದು ಬಂದ. "ಮನೆ ಕಟ್ಟೋರ ಲೆಕ್ಕ ಯಾವತ್ತು ಸರಿಹೋಗಿದೆ ಹೇಳಿ. ಆದ್ರೂ ಸೂರು ಹಾಕೋ ದಿನ ಯಾರೂ ಗೋಡೆ ಕೆಡವಲ್ಲ."

ಅವಳಿಗೆ ನಗು ಬಂದು ಮುಸುಕು ಒಮ್ಮೆ ಉಬ್ಬಿ ಇಳಿಯಿತು. ಆಮೇಲೆ, ಬೆಳಿಗ್ಗೆಯಿಂದ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟಳು. "ನನ್ನ ಹಟಾನೇ ಮುಳುಗಿಸ್ತಾ ಮಾಮ?"

ಮಾಮ ಸಮಾಧಾನಕ್ಕೆಂದು ಸುಳ್ಳು ಹೇಳುವ ಪೈಕಿಯಲ್ಲ. "ಮುಳುಗಿಸಿರಬಹುದು," ಎಂದ. "ಕರೆಂಟು ಸಂಜೆವರೆಗೂ ಇರುತ್ತಲ್ಲ. ಯಾವುದಕ್ಕೋಸ್ಕರ ಮುಳುಗಿದ್ವಿ ಅಂತಾದ್ರೂ ನೋಡಿಬಿಡೋಣ."

ಮಂಜುಗಡ್ಡೆ ಕಳಿಸಿ ಎಂದು ಉಗ್ರಾಣಕ್ಕೆ ಫೋನು ಮಾಡಿದರೆ, ನಿಂತುಹೋದ ಯೋಜನೆಗೆ ಏನನ್ನೂ ಕೊಡುವಂತಿಲ್ಲ ಎಂದು ಆ ಕಡೆಯವನು ಫೋನು ಇಟ್ಟ. ಸುದ್ದಿ ಆಗಲೇ ಅವನನ್ನು ತಲುಪಿತ್ತು. ಅವಳು ಫೋನು ಕೆಳಗಿಟ್ಟಳು. ಆಮೇಲೆ ಗಡ್ಡೆ ಇಡಬೇಕಾದ ಮೇಜಿನ ಮೇಲೆ ತನ್ನ ಅಂಗೈಯನ್ನೇ ಇಟ್ಟಳು.

"ಬೇಡ ಮೇಡಂ. ಹಳೇ ಕೈ ಏನು ಮಾಡ್ತು ಅಂತ ನೆನಪಿದೆಯಲ್ಲ."

"ಇದು ಹಳೇದಲ್ಲ. ಗುಂಡಿ ಒತ್ತಿ."

ಎನ್ನುತ್ತಲೇ ಇನ್ನೊಂದು ಕೈಯಿಂದ ಗವಸು ಬಿಚ್ಚಲು ಹೋದಳು. ಮಾಮ ತಡೆದ. ಗವಸು ಇರಲಿ, ನಾಳೆ ಬೇರೆ ಯಾರದಾದರೂ ಯಂತ್ರಕ್ಕೆ ಈ ಕೈ ಬೇಕಾದೀತು, ಮೈಲಿಗೆ ಆಗುವುದು ಬೇಡ ಎಂದ. ಅವಳು ಬಿಚ್ಚಲಿಲ್ಲ. ಮಾಮ ಗುಂಡಿ ಒತ್ತಿದ.

ಯಂತ್ರದ ಕೈ ಮಡಿಕೆ ಬಿಡಿಸಿಕೊಂಡು ಮೇಲಿನಿಂದ ಇಳಿಯಿತು. ಕತ್ತಲಲ್ಲಿ ಪರರ ಮನೆಯ ಗೋಡೆ ತಡವುವವರ ಹಾಗೆ ತಡೆತಡೆದು ಬಂತು. ಅವಳು ಕಣ್ಣು ಮುಚ್ಚಿಕೊಂಡಳು. ಜ್ವರ ಇದೆಯೇ ಎಂದು ಹಣೆ ಮುಟ್ಟಿ ನೋಡುತ್ತಾರಲ್ಲ, ಅಷ್ಟೇ ಹಗುರವಾಗಿ ಲೋಹದ ಬೆರಳು ಅಂಗೈಯ ಮೇಲೆ ಕೂತಿತು. ಕೂತು, ಅಲ್ಲೇ ನಿಂತಿತು. ಅವಳನ್ನು ಯಾರಾದರೂ ಹಾಗೆ ಮುಟ್ಟಿ ಬಹಳ ಕಾಲವಾಗಿತ್ತು.

ಮಾಮ ಪರದೆಯತ್ತ ಬಗ್ಗಿದ.

"ಏನಂತೆ ಮಾಮ?"

ಅಷ್ಟು ದೂರದ ಚಂದ್ರನಿಂದ ಒಂದು ದಿನ ಬರಬೇಕಾಗಿದ್ದ ಸಂದೇಶ ಪರದೆಯ ಮೇಲಿತ್ತು. ಮಾಮ ಓದಿದ.

"ನೆಲ ಸಿಕ್ಕಿತು ಅಂತಿದೆ ಮೇಡಂ. ಮುಂದೇನು ಅಂತ ಕೇಳ್ತಿದೆ."