ಕೆಂಪಕ್ಕನ ಕಿವಿ

ಸರ್ವರ್ ಮತ್ತೆ ಮಲಗಿತು.

“ಯಾವನೋ ಹೊಟ್ಟೆಕಿಚ್ಚಿಗೆ ಹಿಂಗೆ ಮಾಡಾಕೆ ಹತ್ತಿದಾನೆ,” ಎಂದು ಬಸ್ ಮಾಲೀಕ ಹಾಲಸ್ವಾಮಿ ಗುಡುಗಿದ. “ನೋಡಮ್ಮ, ಸಂಜೆ ಒಳಗೆ ಅವನು ಸಿಗಬೇಕು. ಇಲ್ಲಾಂದ್ರೆ ನಿನ್ನ ಆ್ಯಪೂ ಬ್ಯಾಡ, ನೀನೂ ಬ್ಯಾಡ. ಅದಕ್ಕಿಂತ ನಮ್ಮವ್ವನ ಕಿವಿ ವಾಸಿ.”

ಬಸ್ಸು ಎಲ್ಲಿದೆ ಎಂದು ಮೊಬೈಲಿನಲ್ಲಿ ತೋರಿಸುವ ಆ್ಯಪ್ ಅದು; ಸರ್ವರ್ ಮಲಗಿದರೆ ಅದೂ ಕುರುಡು. ಮಾಡಿದವಳು ಜ್ಯೋತಿಲಕ್ಷ್ಮಿ. ಈ ಕೆಲಸ ಹೋದರೆ ಜಗಳೂರಿಗೆ ಮರಳಿ ಅಣ್ಣನ ಜೆರಾಕ್ಸ್ ಅಂಗಡಿಯಲ್ಲಿ ಕೂರಬೇಕು. ನೆನೆದೇ ಅವಳಿಗೆ ಅಳು ಬಂತು.

ಹಾಲಸ್ವಾಮಿಯ ಅವ್ವ ಕೆಂಪಕ್ಕನ ಕಿವಿ ಈಚೆಗೆ ನ್ಯಾಮತಿ ಊರಿಗೆಲ್ಲ ಹೆಸರುವಾಸಿ. ಜಗಲಿಯಲ್ಲಿ ತಲೆ ತಗ್ಗಿಸಿ ಕೂತಲ್ಲೇ “ಸವಳಂಗದ ಬಸ್ಸು ಹಳ್ಳ ದಾಟ್ತು” ಎನ್ನುತ್ತಾಳೆ. ಬಸ್ಸು ಬಂದೇ ಬರುತ್ತದೆ. ವಯಸ್ಸಾದಂತೆ ಕಿವಿ ಚುರುಕಾಗುವುದನ್ನು ಊರು ಕಂಡದ್ದು ಇದೇ ಮೊದಲು. ಇವತ್ತು ಮಾತ್ರ, “ಶೀತ ಆಗೈತೆ, ಕಿವಿ ಮುಚ್ಕಂಡೈತೆ” ಎಂದು ಸಿಡುಕುತ್ತಿದ್ದಳು.

ನೋಡ್ ಜೆಎಸ್ ಎಂಬ ತಂತ್ರಾಂಶದಲ್ಲಿ ಬರೆದ ಸರ್ವರಿನ ತುಂಬ ಫಂಕ್ಷನ್‌ಗಳು, ಒಂದೊಂದು ಕೆಲಸಕ್ಕೆ ಒಂದೊಂದು. ಒಂದು ಬಸ್ಸು ಹುಡುಕುತ್ತದೆ, ಒಂದು ದೂರ ಅಳೆಯುತ್ತದೆ, ಒಂದು ಉತ್ತರ ಕಳಿಸುತ್ತದೆ. ಒಂದೊಂದರೊಳಗೂ ನುಗ್ಗಿ ತಪಾಸಣೆಯ ಸಾಲು ಬರೆಯುತ್ತ ಕೂತರೆ ವಾರ ಬೇಕು. ಜ್ಯೋತಿ ತಲೆ ಬಿಸಿಯಾಗಿ ಹಾಲಸ್ವಾಮಿಯ ಮನೆಯೊಳಗಿನ ಆಫೀಸಿನಿಂದ ಜಗಲಿಗೆ ಬಂದಳು.

“ಎಲ್ಲಿಗೆ ಹೊಂಟಿಯವ್ವಾ?” ಕೆಂಪಕ್ಕ ಹೆಬ್ಬೆರಳಿಗೆ ಎಣ್ಣೆ ತಿಕ್ಕುತ್ತಿದ್ದಳು.

“ಟೀ ಕುಡಿಯಾಕೆ ಅಜ್ಜಿ. ಬೆರಳಿಗೆ ಏನಾತು?”

“ಅವರೆಕಾಯಿ ಸುಲಿದೂ ಸುಲಿದೂ ನೋವು.” ಮುಂದಿದ್ದ ಮೊರದಲ್ಲಿ ಅವರೆಕಾಯಿ ಸುಲಿಯದೆ ಹಾಗೇ ಇತ್ತು.

ಟೀ ಕುಡಿದು ಬಂದಾಗಲೂ ಕೆಂಪಕ್ಕ ಬಿಡಲಿಲ್ಲ. “ಇಷ್ಟೊತ್ತು ಯಾಕಾತು?”

ಜ್ಯೋತಿ ನಿಂತಲ್ಲೇ ನಿಂತಳು. ಯಾರ ಮನೆಯೊಳಗೂ ಕಾಲಿಡದೆ, ಹೋಗುವಾಗ ಒಂದು ಮಾತು, ಬರುವಾಗ ಒಂದು ಮಾತು ಕೇಳಿ ಈ ಮುದುಕಿ ಬೀದಿಯ ಸಮಾಚಾರವನ್ನೆಲ್ಲ ತಿಳಿಯುತ್ತಾಳಲ್ಲ! ಪ್ರೋಗ್ರಾಮ್ ಬರೆಯುವವರು ಆಸ್ಪೆಕ್ಟ್ ಎನ್ನುವುದು ಇದಕ್ಕೇ. ಅವಳು ಓಡಿಹೋಗಿ ಒಂದೇ ಒಂದು ಕಾವಲು ಬರೆದು ಎಲ್ಲ ಫಂಕ್ಷನ್‌ಗಳ ಬಾಗಿಲಿಗೂ ನಿಲ್ಲಿಸಿದಳು. ಯಾವ ನಂಬರಿನ ಮೊಬೈಲ್ ಕರೆಯಿತು, ಯಾವಾಗ ಒಳಗೆ ಹೋಯಿತು, ಯಾವಾಗ ಹೊರಬಂತು, ಎಲ್ಲವನ್ನೂ ಅದು ಗುರುತು ಹಾಕಿಕೊಳ್ಳಬೇಕು. ಅದಕ್ಕೆ ಕೆಂಪಕ್ಕ ಎಂದೇ ಹೆಸರಿಟ್ಟಳು.

ಮಧ್ಯಾಹ್ನ ಜಗಲಿಯಲ್ಲಿದ್ದ ಕೆಂಪಕ್ಕ ಊಟಕ್ಕೆ ಎದ್ದಳು. ಸರ್ವರೂ ಎದ್ದಿತು. ಊಟ ಮುಗಿಸಿ ಬಂದವಳು “ಕಿವಿ ಬಿಡ್ತು ನೋಡು, ಹೊನ್ನಾಳಿ ಬಸ್ಸು ಬಂತು” ಎಂದಳು. ಬಸ್ಸು ಬಂತು. ಸರ್ವರ್ ಮಲಗಿತು.

ಸಂಜೆ ಕಾವಲು ಬಾಯಿ ಬಿಟ್ಟಿತು. ದೂರ ಅಳೆಯುವ ಫಂಕ್ಷನ್ನಿನ ಬಾಗಿಲಲ್ಲಿ ನೂಕುನುಗ್ಗಲು, ಎಲ್ಲವೂ ಒಂದೇ ಮೊಬೈಲಿನಿಂದ! ಯಾರೋ ಉತ್ತರ ಬರುವ ಮೊದಲೇ ಮತ್ತೆ ಮತ್ತೆ ಒತ್ತಿ, ಒತ್ತಿದಾಗಲೆಲ್ಲ ಲೆಕ್ಕ ಹೊಸದಾಗಿ ಹಾಕಿಸಿ ಸರ್ವರಿನ ಜೀವ ಹಿಂಡಿದ್ದರು.

“ಸಿಕ್ಕ ನೋಡು!” ಹಾಲಸ್ವಾಮಿ ಫೋನು ಹಿರಿದ. “ನಂಬರ್ ಹೇಳಮ್ಮ. ಹೆತ್ತೋರ ಸಮೇತ ಅವನ ಜನ್ಮ ಜಾಲಾಡ್ತೀನಿ!”

ಜ್ಯೋತಿ ಹೇಳಿದಳು, ಅವನು ಒತ್ತಿದ.

ಅವನ ಫೋನಿನ ಮೇಲೆ ‘ಅವ್ವ’ ಎಂದು ಮೂಡಿತು, ಜಗಲಿಯಿಂದ ಕೆಂಪಕ್ಕ ಕೂಗಿದಳು, “ಇಡೋ ಫೋನ್ನ, ನನ್ನ ಕಿವಿಗೆ ಅಡ್ಡ ಬರ್ತೈತೆ!”